ಮುನ್ನೂರ ಒಂದನೆಯವರು

ಕಾಡಿಗೆ ಹೋಗುವವರ ಸಂಖ್ಯೆಗೆ ಮಿತಿ ಹಾಕಬೇಕು ಅನ್ನೋ ವಿಷಯದಲ್ಲಿ ನಮ್ಮ ರಾಜ್ಯದಲ್ಲಿ ಅಪರೂಪದ ಒಮ್ಮತ ಇದೆ. ಕಾವೇರಿ ನೀರು ಬಿಟ್ಟರೆ ನಾವು ಇಷ್ಟು ಒಗ್ಗಟ್ಟಾಗಿ ಒಪ್ಪಿದ್ದು ಬಹುಶಃ ಇದೊಂದನ್ನೇ. ಮಿತಿ ಬೇಕು, ಕಟ್ಟುನಿಟ್ಟಾಗಿ ಬೇಕು, ತಕ್ಷಣ ಬೇಕು. ಈ ಶನಿವಾರ ಮಾತ್ರ ಬೇಡ, ನಾವು ಹೊರಟಿದ್ದೇವೆ.

2024ರ ಜನವರಿ 26 ಶುಕ್ರವಾರ ಬಿದ್ದಿತ್ತು. ಅಂದರೆ ಸಾಲಾಗಿ ಮೂರು ದಿನ ರಜೆ. ಆಗ ಕುಮಾರಪರ್ವತದಿಂದ ಬಂದ ವಿಡಿಯೊ ನೆನಪಿದೆ ಅಲ್ವಾ? ಕೆಳಗೆ ಕುಕ್ಕೆಯಲ್ಲಿ ಸುಬ್ರಹ್ಮಣ್ಯನ ದರ್ಶನಕ್ಕೆ ನಿಲ್ಲಬೇಕಿದ್ದ ಸಾಲು ದಾರಿ ತಪ್ಪಿ ಬೆಟ್ಟ ಹತ್ತಿದ ಹಾಗಿತ್ತು. ಮೌನ ಹುಡುಕಿಕೊಂಡು ಬಂದ ಸಾವಿರಾರು ಜನ ಒಬ್ಬರ ಬ್ಯಾಗಿಗೆ ಇನ್ನೊಬ್ಬರು ಮೂಗು ತಾಗಿಸಿಕೊಂಡು ನಿಂತಿದ್ದರು. ಆ ವಿಡಿಯೊ ನೋಡಿ ಎಲ್ಲರಿಗಿಂತ ಜಾಸ್ತಿ ನೊಂದುಕೊಂಡವರು ಅದೇ ಸಾಲಿನಲ್ಲಿ ನಿಂತಿದ್ದವರು. ‘ಜನಕ್ಕೆ ಬುದ್ಧಿ ಇಲ್ಲ, ಪ್ರಕೃತಿ ಹಾಳಾಗ್ತಿದೆ’ ಅಂತ ಅಲ್ಲಿಂದಲೇ ಬರೆದು, ಕೆಳಗೆ ಲೊಕೇಶನ್ ಕೂಡ ಹಾಕಿದರು. ದಾರಿ ಗೊತ್ತಿಲ್ಲದೆ ಯಾರಿಗೂ ತೊಂದರೆ ಆಗಬಾರದು ನೋಡಿ.

ಗಲಾಟೆ ಆದ ಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆಯವರು, ಆನ್‌ಲೈನ್ ಟಿಕೆಟ್ ವ್ಯವಸ್ಥೆ ಇಲ್ಲದ ಕಡೆ ಚಾರಣ ನಿಲ್ಲಿಸಿ ಅಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಅನ್ನೋ ಪೋರ್ಟಲ್ ಬಂತು. ಒಂದು ಚಾರಣದ ದಾರಿಗೆ ದಿನಕ್ಕೆ ಹೆಚ್ಚೆಂದರೆ 300 ಜನ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಳ್ಳೆ ನಿರ್ಧಾರ, ಮೊದಲೇ ಮಾಡಬೇಕಿತ್ತು ಅಂದರು. ಚಪ್ಪಾಳೆ ತಟ್ಟಿದ ಪ್ರತಿಯೊಬ್ಬರೂ ತಾವು ಆ ಮುನ್ನೂರರ ಒಳಗಿದ್ದೇವೆ ಅಂತಲೇ ತಿಳಿದಿದ್ದರು. ತೊಂದರೆ ಶುರುವಾಗಿದ್ದು ಅಲ್ಲಿಂದ.

ಶನಿವಾರದ ಟಿಕೆಟ್ ಖಾಲಿ. ಭಾನುವಾರದ್ದೂ ಖಾಲಿ. ಮಂಗಳವಾರ ಇದೆ. ಮಂಗಳವಾರ ಅದೇ ಬೆಟ್ಟ, ಅದೇ ಮಂಜು, ಅದೇ ಜಿಗಣೆ. ಆದರೆ ಮಂಗಳವಾರ ಹೋಗುವುದಕ್ಕೆ ನಾವೇನು ಕೆಲಸ ಇಲ್ಲದವರಾ? ಹಾಗಾಗಿ ಮುನ್ನೂರ ಒಂದನೆಯವರು ಫೋನ್ ತೆಗೆಯುತ್ತಾರೆ. ನಮ್ಮಲ್ಲಿ ಪ್ರತಿ ಕುಟುಂಬಕ್ಕೂ ಒಬ್ಬ ಪರಿಚಯದ ಡಾಕ್ಟರು, ಒಬ್ಬ ಪರಿಚಯದ ಎಸ್‌ಐ ಇದ್ದ ಹಾಗೆ ಈಗ ಒಬ್ಬ ಪರಿಚಯದ ರೇಂಜರ್ ಕೂಡ ಬೇಕಾಗಿದ್ದಾರೆ. ‘ಅಣ್ಣಾ, ನಾವು ಇಬ್ಬರೇ, ಹೋಗಿ ಬಂದ್ಬಿಡ್ತೀವಿ.’ ಆ ಇಬ್ಬರು ಇನ್ನೋವಾದಲ್ಲಿ ಬರುವಾಗ ಏಳು ಜನ ಆಗಿರುತ್ತಾರೆ, ಬಿಡಿ.

ಗೇಟಿನಲ್ಲಿ ಯಾರಿರುತ್ತಾರೆ? ದಿನಗೂಲಿ ವಾಚರ್. ಪಕ್ಕದ ಊರಿನವನು, ಖಾಕಿ ಅಂಗಿ, ಕೈಯಲ್ಲೊಂದು ಲಾಠಿ, ಜೇಬಿನಲ್ಲೊಂದು ಪಟ್ಟಿ. ರಾಜ್ಯ ಸರ್ಕಾರದ ಇಡೀ ಪರಿಸರ ನೀತಿಯನ್ನು ಹೊತ್ತು ನಿಂತಿರುವುದು ಈ ಮನುಷ್ಯ. ಅವನು ‘ಟಿಕೆಟ್ ಇಲ್ದೆ ಬಿಡಂಗಿಲ್ಲ ಸಾರ್’ ಅಂದ ಕೂಡಲೇ ಸಾರ್ ಒಂದು ನಂಬರ್ ಒತ್ತಿ, ‘ತಗೊಳ್ಳಿ, ಮಾತಾಡಿ’ ಅಂತ ಫೋನನ್ನು ಅವನ ಕಿವಿಗೆ ಹಿಡಿಯುತ್ತಾರೆ. ಆ ಕಡೆ ಶಾಸಕರ ಪಿಎ. ಮುಂದಿನ ತಿಂಗಳೂ ಕೆಲಸ ಇರಬೇಕಾದ ಮನುಷ್ಯ ಏನು ಮಾಡುತ್ತಾನೆ ಹೇಳಿ? ಗೇಟು ಎತ್ತುತ್ತಾನೆ. ಸಾರ್ ಒಳಗೆ ಹೋಗಿ, ಸಿಸ್ಟಮ್ ಸರಿ ಇಲ್ಲ, ಯಾರನ್ನ ಬೇಕಾದ್ರೂ ಬಿಡ್ತಾರೆ ಇವರು ಅಂತ ಬೇಸರ ಪಡುತ್ತಾರೆ.

ಕುದುರೆಮುಖದ ಕಥೆ ಇನ್ನೂ ಚೆನ್ನಾಗಿದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಗಣಿ ನಿಲ್ಲಿಸಲು ಜನ ವರ್ಷಗಟ್ಟಲೆ ಹೋರಾಡಿ, ಸುಪ್ರೀಂ ಕೋರ್ಟಿಗೆ ಹೋಗಿ, 2005ರ ಕೊನೆಗೆ ಅದಿರು ತೆಗೆಯೋದು ನಿಂತಿತು. ಈಗ ಅದಿರಿನ ಬದಲು ವೀಕೆಂಡ್ ಸಾಗಾಣಿಕೆ ನಡೆಯುತ್ತಿದೆ. ಬೆಟ್ಟ ಹತ್ತುವವರನ್ನು ತಲೆ ಎಣಿಸಿ ಬಿಡುತ್ತಾರೆ, ಸಂತೋಷ. ಆದರೆ ಬೆಟ್ಟದ ಬುಡಕ್ಕೆ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು ಬರುವ ಟೆಂಪೊ ಟ್ರಾವೆಲರ್‌ಗಳನ್ನು ಎಣಿಸುವವರು ಯಾರು? ಮಿತಿ ಇರುವುದು ಕಾಲಿಗೆ, ಚಕ್ರಕ್ಕಿಲ್ಲ.

ಸಫಾರಿಗೆ ಬನ್ನಿ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ 2012ರಿಂದ ಇದೆ. ಹುಲಿ ಕಾಡಿನ ಕೋರ್, ಅಂದರೆ ಒಳಗಿನ ಮುಖ್ಯ ಪ್ರದೇಶದ ಶೇ 20ಕ್ಕಿಂತ ಹೆಚ್ಚು ಜಾಗ ಪ್ರವಾಸಕ್ಕೆ ಕೊಡಬಾರದು, ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರ ನಿಲ್ಲಬೇಕು, ಒಂದು ಗಾಡಿಗೂ ಇನ್ನೊಂದಕ್ಕೂ 50 ಮೀಟರ್ ಇರಬೇಕು. ಓದಲು ಹಿತವಾಗಿದೆ. ಆದರೆ ‘ಹುಲಿ ಇದೆ’ ಅಂತ ಸುದ್ದಿ ಬಂದ ಮೇಲೆ ಮೀಟರ್ ಲೆಕ್ಕ ಯಾರಿಗೆ ನೆನಪಿರುತ್ತೆ? 2024ರ ಡಿಸೆಂಬರ್ 31ರಂದು ಮಹಾರಾಷ್ಟ್ರದ ಉಮ್ರೇಡ್ ಕಾಡಿನಲ್ಲಿ ಒಂದು ಹೆಣ್ಣುಹುಲಿಯನ್ನೂ ಅದರ ಐದು ಮರಿಗಳನ್ನೂ ಸಫಾರಿ ಜೀಪುಗಳು ಎರಡೂ ಕಡೆಯಿಂದ ಅಡ್ಡಗಟ್ಟಿ ನಿಂತವು. ತಾಯಿ ಹುಲಿಗೆ ಮರಿಗಳನ್ನು ಕರೆದುಕೊಂಡು ರಸ್ತೆಯಿಂದ ಆಚೆ ಹೋಗಲು ಜಾಗ ಇರಲಿಲ್ಲ. ಬಾಂಬೆ ಹೈಕೋರ್ಟ್ ತಾನೇ ಮುಂದಾಗಿ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ಅಲ್ಲಿದ್ದ ಯಾವ ಜೀಪಿನವರನ್ನು ಕೇಳಿದರೂ ಉತ್ತರ ಒಂದೇ ಬಂದಿರುತ್ತೆ: ನಾವು ಸುಮ್ನೆ ನಿಂತಿದ್ವಿ, ಹಿಂದಿನ ಗಾಡಿಯವರು ಬಂದು ಜಾಮ್ ಮಾಡಿದ್ರು.

ನಮ್ಮ ಬಂಡೀಪುರದ್ದೂ ಹೇಳಬೇಕಲ್ಲ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿನ ಹೆದ್ದಾರಿಗಳಲ್ಲಿ ವಾಹನ ಬಿಡುವುದಿಲ್ಲ. ಆಂಬುಲೆನ್ಸ್‌ಗೆ, ಕೆಲವೇ ಬಸ್ಸುಗಳಿಗೆ ವಿನಾಯಿತಿ. ಇಷ್ಟು ವರ್ಷ ಆದರೂ ಗೇಟಿನಲ್ಲಿ ಒಂಬತ್ತೂ ಐದಕ್ಕೆ ಬಂದು ನಿಲ್ಲುವ ಕಾರಿಗೆ ಇದು ಆ ಕ್ಷಣವೇ ಹೊರಬಿದ್ದ ಸುದ್ದಿ. ಹಗಲಿನ ಶೂರರು ಬೇರೆ. 2025ರ ಆಗಸ್ಟ್‌ನಲ್ಲಿ ಕೆಕ್ಕನಹಳ್ಳದ ಹತ್ತಿರ ಒಬ್ಬರು ಆನೆ ಜೊತೆ ಸೆಲ್ಫಿಗೆ ಇಳಿದರು. ಆನೆ ಅಟ್ಟಿಸಿಕೊಂಡು ಬಂತು. ಜೀವ ಉಳಿದಿದ್ದು ಅವರ ಪುಣ್ಯ. ಇಲಾಖೆ 25,000 ರೂಪಾಯಿ ದಂಡ ಹಾಕಿ, ತಪ್ಪಾಯಿತು ಅಂತ ವಿಡಿಯೊ ಮಾಡಿಸಿತು. ವಿಡಿಯೊಗಾಗಿ ಮಾಡಿದ ತಪ್ಪಿಗೆ ಶಿಕ್ಷೆ ಇನ್ನೊಂದು ವಿಡಿಯೊ. ಆನೆಯ ಹೇಳಿಕೆ ಮಾತ್ರ ಯಾರೂ ಪಡೆದ ಹಾಗಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ಸರಗೂರು ಸುತ್ತಮುತ್ತ ಹುಲಿ ದಾಳಿಗೆ ರೈತರು ಸತ್ತಾಗ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿ, ಅಲ್ಲಿನ ಸಿಬ್ಬಂದಿಯನ್ನು ಊರುಗಳ ಕಡೆ ಕಳಿಸಿದರು. ಅಂದರೆ ಅಲ್ಲಿಯವರೆಗೆ ನಮಗೆ ಹುಲಿ ತೋರಿಸುತ್ತಿದ್ದ ಕೈಗಳು ಹಳ್ಳಿಯವರನ್ನು ಕಾಯುವುದಕ್ಕೂ ಬೇಕಾಗಿದ್ದವು. ಇದರಲ್ಲಿ ನಗೋಕೆ ಏನೂ ಇಲ್ಲ. ಆದರೂ, ‘ಸಫಾರಿ ಬಂದ್ ಅಂತ ಗೊತ್ತು, ಆದ್ರೆ ನಾವು ಮೊದಲೇ ರೂಮ್ ಬುಕ್ ಮಾಡಿದ್ವಿ, ಏನಾದ್ರೂ ವ್ಯವಸ್ಥೆ ಆಗುತ್ತಾ?’ ಅಂತ ಕೇಳುವವರು ನಮ್ಮ ಮಧ್ಯೆ ಇಲ್ಲ ಅನ್ನುವ ಧೈರ್ಯ ನಿಮಗಿದೆಯಾ? ನನಗಂತೂ ಇಲ್ಲ.

ಇಷ್ಟೆಲ್ಲದರ ನಡುವೆ, ಸದ್ದಿಲ್ಲದೆ ಕೆಲಸ ಮಾಡುತ್ತಿರುವ ಒಂದು ಜಾಗ ಇದೆ. ಅದೇ ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಸ್ವಂತ ಗಾಡಿಯನ್ನು ಕೆಳಗೇ ನಿಲ್ಲಿಸಬೇಕು, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ಪೋರ್ಟಲ್ ಇಲ್ಲ, ಕ್ಯೂಆರ್ ಇಲ್ಲ. ಫೋರ್ ಬೈ ಫೋರ್ ಗಾಡಿ ತೆಗೆದುಕೊಂಡಿದ್ದೇ ಬೆಟ್ಟ ಹತ್ತಲು ಅಂದುಕೊಂಡವರು ಅದನ್ನು ಬಯಲಲ್ಲಿ ಬಿಟ್ಟು, ಕಂಬಿ ಹಿಡಿದು ನಿಂತು ಹೋಗುತ್ತಾರೆ. ಮುಖ ನೋಡಬೇಕು ಅವರದು.

ಆ ಬಸ್ಸಿನಲ್ಲಿ ಗಮನಿಸಿದ್ದೀರಾ? ಕಂಡಕ್ಟರ್ ಕಿವಿಗೆ ಯಾರೂ ಫೋನ್ ಹಿಡಿಯುವುದಿಲ್ಲ. ಹಿಡಿದರೂ ಅವರು ಕೇಳಿಸಿಕೊಳ್ಳುವುದಿಲ್ಲ. ಐವತ್ತು ಸೀಟಿನ ಬಸ್ಸಿಗೆ ನೂರು ಜನರನ್ನು ತುಂಬುವ ವಿದ್ಯೆ ಗೊತ್ತಿರುವವರಿಗೆ ನೂರ ಒಂದನೆಯವರನ್ನು ಇಳಿಸುವ ವಿದ್ಯೆಯೂ ಗೊತ್ತು. ‘ಹಿಂದಿನ ಬಸ್ಸಿಗೆ ಬನ್ನಿ’ ಅಂತಾರೆ, ಸೀಟಿ ಊದುತ್ತಾರೆ, ರೈಟ್ ಅಂದರೆ ಮುಗಿಯಿತು. ಶಾಸಕರ ಪಿಎ ಇರಲಿ, ಶಾಸಕರೇ ಇರಲಿ.

ಆದ್ದರಿಂದ ಸರ್ಕಾರಕ್ಕೆ ನನ್ನದೊಂದು ಮನವಿ. ಹೊಸ ಆ್ಯಪ್ ಮಾಡಿಸುವ ಮೊದಲು ನಮ್ಮ ಸಾರಿಗೆ ನಿಗಮದ ಹಳೇ ಕಂಡಕ್ಟರ್‌ಗಳನ್ನು ಎರಡು ವರ್ಷದ ಮಟ್ಟಿಗೆ ಅರಣ್ಯ ಇಲಾಖೆಗೆ ಎರವಲು ಕೊಡಿ. ಕುದುರೆಮುಖಕ್ಕೆ ಇಬ್ಬರು, ಕುಕ್ಕೆಗೆ ಇಬ್ಬರು, ಕಬಿನಿಗೆ ಸ್ವಲ್ಪ ಗಂಟಲು ಜೋರಿರುವವರು ನಾಲ್ವರು. ಪ್ರವಾಸಿಗರಿಗೂ ಒಂದು ಸೂಚನೆ: ಆನ್‌ಲೈನ್ ಪಾವತಿ, ಶಿಫಾರಸು ಪತ್ರ, ಪರಿಚಯ ಯಾವುದೂ ನಡೆಯುವುದಿಲ್ಲ. ಚಿಲ್ಲರೆ ಸರಿಯಾಗಿ ತನ್ನಿ.