ಹೆಸರಿಗೆ ತೂಕ ಇಲ್ಲ ಸರ್

ಅಮೆರಿಕದಲ್ಲಿ ನಾವಿರುವ ಊರಿನ ಲೈಬ್ರರಿಯಲ್ಲಿ ವರ್ಷಕ್ಕೊಂದು ಶನಿವಾರ ಹಳೇ ಸಾಮಾನಿಗೆ ಬೆಲೆ ಹೇಳುತ್ತಾರೆ. ಬಿಬಿಸಿಯಲ್ಲಿ 1979ರಲ್ಲಿ ಶುರುವಾಗಿ 1997ರಲ್ಲಿ ಅಮೆರಿಕದ ಟೀವಿಗೂ ಬಂದ ಆಂಟಿಕ್ಸ್ ರೋಡ್‌ಶೋ ಇದೆಯಲ್ಲ, ಅದರ ಬಡ ತಮ್ಮ ಅಂದುಕೊಳ್ಳಿ. ಹೋದ ವರ್ಷ ನಾನೂ ವಾಲಂಟಿಯರ್ ಆಗಿದ್ದೆ. ಚೀಟಿ ಕೊಟ್ಟು, ಗಡಿಯಾರ ಆ ಮೇಜಿಗೆ, ಬೆಳ್ಳಿ ಈ ಮೇಜಿಗೆ ಅಂತ ಕಳಿಸೋದು, ಟವೆಲಿನಲ್ಲಿ ಸುತ್ತಿ ತಂದ ಪಿಂಗಾಣಿಗೆ ಯಾರ ಮೊಣಕೈಯೂ ತಾಗದ ಹಾಗೆ ಕಾಯೋದು, ಇಷ್ಟೇ ಕೆಲಸ. ಒಬ್ಬ ತಾತ ವಾಲ್‌ನಟ್ ಒಡೆಯೋದು ಅಂತ ಹಿತ್ತಾಳೆಯದೇನೋ ತಂದಿದ್ದರು. ನೋಡಿದರೆ ನಮ್ಮ ಅಡಕತ್ತರಿ! ತುದಿಯಲ್ಲಿ ಗಿಣಿ ಬೇರೆ. ಅಡಿಕೆ ಹೋಳು ಮಾಡೋದು ಹೇಗೆ ಅಂತ ಕೈಯಲ್ಲೇ ತೋರಿಸಿದೆ, ಬೆಲೆ ಹೇಳುವಾಕೆ ಬರೆದುಕೊಂಡರು.

ಅಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಕಟ್ಟುಪಾಡು. ಬೆಲೆ ಹೇಳಿದವರು ಆ ವಸ್ತುವನ್ನು ತಾವೇ ಕೊಳ್ಳುವ ಹಾಗಿಲ್ಲ. ಹಾಗಾಗಿ "ಇದಕ್ಕೆ ಏನೂ ಬರಲ್ಲ" ಅಂದರೂ ಜನ ನಂಬುತ್ತಾರೆ.

ಬೆಂಗಳೂರಲ್ಲಿ ಬೆಲೆ ಹೇಳುವವನೇ ಕೊಳ್ಳುವವನು. ಮೊನ್ನೆ ರಜೆಗೆ ಬಂದಾಗ ಅಜ್ಜಿಯ ತಾಮ್ರದ ಹಂಡೆ ಹಾಕಿ ಸ್ಟೀಲ್ ಪಾತ್ರೆ ತರೋಣ ಅಂತ ಅಮ್ಮ ಹೊರಡಿಸಿದರು. ಚಿಕ್ಕಪೇಟೆಯ ಅಂಗಡಿಯವನು ಬೆರಳಲ್ಲಿ ಟಣ್ ಅಂತ ತಟ್ಟಿದ, ತಕ್ಕಡಿಗೆ ಏರಿಸಿದ. 11 ಕೇಜಿ. ಮಸಿಗೆ ಇಷ್ಟು, ಬೆಸುಗೆಗೆ ಇಷ್ಟು ಅಂತ ಕಳೆದ. ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ಹೆಸರು, ಮದುವೆಯ ವರ್ಷ 1951. ತೋರಿಸಿದೆ. "ಹೆಸರಿಗೆ ತೂಕ ಇಲ್ಲ ಸರ್" ಅಂದ. ಅವನ ತಪ್ಪೇನಿಲ್ಲ ಬಿಡಿ, ಅವನು ತಾಮ್ರದ ವ್ಯಾಪಾರಿ.

ಬಸವನಗುಡಿಯ ಯಾವುದಾದರೂ ಕಲ್ಯಾಣಮಂಟಪದಲ್ಲಿ ಒಂದು ಭಾನುವಾರ ಹೀಗೆ ಮೇಜು ಹಾಕಬಾರದಾ? ಮಾಡಿದರೂ ಜನ ಬರಲು ಹೆದರುತ್ತಾರೆ ಅಂತ ಭಾವ ಅಂದರು, ಅದೂ ನಿಜ. ಪುರಾತನ ವಸ್ತುಗಳ ಬಗ್ಗೆ 1972ರ ಕಾಯ್ದೆ ಇದೆಯಲ್ಲ, 100 ವರ್ಷ ದಾಟಿದ ವಿಗ್ರಹ, ಚಿತ್ರಪಟ ಮನೆಯಲ್ಲಿದ್ದರೆ ಪುರಾತತ್ವ ಇಲಾಖೆಯಲ್ಲಿ ನೋಂದಾಯಿಸಬೇಕು. ನೋಂದಾಯಿಸಿದ ಮಾತ್ರಕ್ಕೆ ಯಾರೂ ಕಿತ್ತುಕೊಳ್ಳಲ್ಲ, ಆದರೆ ಎಷ್ಟೋ ಮನೆಗಳಲ್ಲಿ ದೇವರ ವಿಗ್ರಹ ಪಕ್ಕದ ಮನೆಯವರಿಗೂ ತೋರಿಸಲ್ಲ. ಅದಕ್ಕೇ ಇಲಾಖೆಯವರನ್ನೂ ಒಂದು ಮೇಜಿಗೆ ಕೂರಿಸಿ ಅನ್ನೋದು ನಾನು. ಚೀಟಿ ಕೊಡೋಕೆ ನಾನೇ ಬರ್ತೀನಿ.

ಹಂಡೆ ಮಾರಲಿಲ್ಲ. ಆಟೋದಲ್ಲಿ ವಾಪಸ್ ತಂದೆ, ಅಮ್ಮ ದಾರಿಯುದ್ದಕ್ಕೂ ಮುಖ ಊದಿಸಿದ್ದರು. "ಅಷ್ಟೊಂದು ಇಷ್ಟ ಇದ್ರೆ ಹೊತ್ತುಕೊಂಡು ಹೋಗು ನಿನ್ನ ಅಮೆರಿಕಕ್ಕೆ" ಅಂದರು. ಅದಕ್ಕಿನ್ನೂ 100 ತುಂಬಿಲ್ಲ, ದೇಶದಾಚೆ ಒಯ್ಯೋಕೆ ಆ ಕಾಯ್ದೆ ಅಡ್ಡ ಬರಲ್ಲ. ಸೂಟ್‌ಕೇಸಿನೊಳಗೆ ಹೋಗಬೇಕಲ್ಲ.