ಬಾಟಲಿಗಿಂತ ಪಚ್ಚಿಲೆ ವಾಸಿ

ಇವತ್ತು ಬೆಳಿಗ್ಗೆ ನಮ್ಮ ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಳಿವೆಯ ಹತ್ತಿರ ನೀರಿನ ಪರೀಕ್ಷೆಗೆ ಅಂತ ಒಬ್ಬ ಹುಡುಗ ಬೈಕಿನಲ್ಲಿ ಬಂದ. ಬಾಟಲಿ ಮುಳುಗಿಸಿದ, ಚೀಟಿ ಅಂಟಿಸಿದ, ಫೋಟೋ ತೆಗೆದ, ಹೋದ. ಅದೂ ಕಡಲು ಏರಿ ಹೊಳೆಗೆ ನುಗ್ಗುವ ಭರತದ ಹೊತ್ತು! ಬಾಟಲಿಗೆ ಬಿದ್ದದ್ದು ಹೊಳೆಯೋ ಕಡಲೋ ದೇವರಿಗೇ ಗೊತ್ತು. ಇನ್ನು ರಿಪೋರ್ಟು ಬರುತ್ತದೆ, ನೀರು ಚೆನ್ನಾಗಿದೆ ಅಂತ.

ಅಲ್ಲೇ ಬಂಡೆಯಲ್ಲಿ ಪಚ್ಚಿಲೆ ಅನ್ನುವ ಚಿಪ್ಪಿಜೀವಿ ಗಿಜಿಗಿಜಿ ಅಂಟಿಕೊಂಡಿತ್ತು. ನಮ್ಮ ಪಡನ್ನದ ಕಡೆಯವರು ಕಲ್ಲುಮ್ಮಕ್ಕಾಯಿ ಅಂತ ಹಗ್ಗ ಕಟ್ಟಿ ಬೆಳೆಸುತ್ತಾರಲ್ಲ, ಅದೇ. ಹಗಲೂ ರಾತ್ರಿ ಹೊಳೆಯನ್ನು ಸೋಸಿ ಕುಡಿಯುವ ಪ್ರಾಣಿ. ನೀರಿನಲ್ಲಿ ಕ್ಯಾಡ್ಮಿಯಮ್ಮೋ ಪಾದರಸವೋ ತಾಮ್ರವೋ ಜಾಸ್ತಿಯಾದರೆ ಅದು ತನ್ನೊಳಗೆ ಮೆಟಲೋಥಯೋನಿನ್ ಅನ್ನುವ ಪುಟ್ಟ ಪ್ರೋಟೀನನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಅದರ ಸುಮಾರು ಮೂರನೇ ಒಂದು ಪಾಲು ಗಂಧಕ ಇರುವ ಸಿಸ್ಟೀನು ಅನ್ನುವ ಅಮೈನೋ ಆಮ್ಲ. ಆ ಗಂಧಕವೇ ಲೋಹವನ್ನು ಕಚ್ಚಿ ಹಿಡಿಯುವುದು. ಅಂದರೆ ಆ ಪ್ರೋಟೀನು ಎಷ್ಟಿದೆ ಅಂತ ಅಳೆದರೆ ನೀರಿನ ಗುಟ್ಟು ಗೊತ್ತಾಗುತ್ತದೆ. ಈ ಪ್ರೋಟೀನು ಮೊದಲು ಸಿಕ್ಕಿದ್ದು 1957ರಲ್ಲಿ, ಕುದುರೆಯ ಮೂತ್ರಪಿಂಡದಲ್ಲಿ. 1975ರಲ್ಲಿ ಎಡ್ವರ್ಡ್ ಗೋಲ್ಡ್‌ಬರ್ಗ್ ಅನ್ನುವ ಕಡಲ ವಿಜ್ಞಾನಿ ಚಿಪ್ಪಿಜೀವಿಗಳನ್ನೇ ಕಡಲಿನ ಕಾವಲಿಗೆ ಇಡೋಣ ಅಂದರು, 1986ರಿಂದ ಅಮೆರಿಕದವರು ಕರಾವಳಿಯುದ್ದಕ್ಕೂ ಅವುಗಳಲ್ಲಿ ಸೇರಿದ ವಿಷವನ್ನು ಅಳೆಯುತ್ತಿದ್ದಾರೆ. ನಮಗೆ ಮಾತ್ರ ಇನ್ನೂ ಬಾಟಲಿಯೇ ಗತಿ.

"ಮಳೆಗಾಲದಲ್ಲಿ ಉಪ್ಪು ಕಡಿಮೆಯಾದರೂ, ಮೊಟ್ಟೆ ಇಡುವ ಹೊತ್ತಿಗೂ ಆ ಪ್ರೋಟೀನು ಏರಿಳಿಯುತ್ತದೆ ಮಾರಾಯ್ರೇ" ಅಂತ ಒಬ್ಬರು ಬರ್ತಾರೆ, ಗೊತ್ತು. ಹೌದಪ್ಪಾ. ಅದಕ್ಕೇ ಒಂದೇ ಗಾತ್ರದ ಪಚ್ಚಿಲೆಯನ್ನು ಒಳ್ಳೆ ನೀರಿನ ಜಾಗದಿಂದ ತಂದು ಹಗ್ಗಕ್ಕೆ ಕಟ್ಟಿ, ಬೇರೆ ಬೇರೆ ಕಡೆ ಇಳಿಬಿಟ್ಟು, ಒಂದೇ ದಿನ ಎತ್ತಿ ನೋಡುವುದು. ಮಾಂಸದಲ್ಲಿರುವ ಲೋಹವನ್ನೂ ಅಳೆದರಾಯಿತು. ಬಾಟಲಿಗೆ ಭರತ ಇಳಿತ ಇಲ್ವಾ? ಅದನ್ನು ಯಾರೂ ಕೇಳುವುದಿಲ್ಲ.

ನನಗೆ ಸಿಟ್ಟು ಯಾಕೆ ಅಂದರೆ, 22 ವರ್ಷ ಲ್ಯಾಬಿನಲ್ಲಿ ಗಾಜು ತೊಳೆದವನು ನಾನು. ಒಂದು ಆಟಿ ಮಳೆಯಲ್ಲಿ ಸೋಮಾರಿತನಕ್ಕೆ ಒಂದೇ ಕಡವಿನ ನೀರನ್ನು ಎರಡು ಬಾಟಲಿಗೆ ತುಂಬಿ ಎರಡು ಊರಿನ ಹೆಸರು ಬರೆದಿದ್ದೆ. ಯಾರಿಗೂ ಗೊತ್ತಾಗಲಿಲ್ಲ. ಬಾಟಲಿ ಸುಳ್ಳಿಗೂ ಸೈ.

ಎಂಡೋಸಲ್ಫಾನ್ ಕೀಟನಾಶಕ, ಲೋಹವಲ್ಲ, ಅದರ ಕತೆ ಬೇರೆ. ಆದರೂ 2000ದವರೆಗೆ ಗೇರು ತೋಟಗಳ ಮೇಲೆ ಅದನ್ನು ಹೆಲಿಕಾಪ್ಟರಿನಿಂದ ಸುರಿದ ಜಿಲ್ಲೆಯಲ್ಲಿ ಕೂತು 'ಎಲ್ಲ ಚೆನ್ನಾಗಿದೆ' ಅನ್ನುವ ಕಾಗದ ಓದಲು ನನ್ನಿಂದಾಗದು.

ಹುಡುಗ ಬೈಕು ಹತ್ತುವಾಗ ಕೇಳಿದೆ, ನಾಲ್ಕು ಪಚ್ಚಿಲೆಯನ್ನೂ ಒಯ್ಯಬಾರದಾ ಅಂತ. ಪಾಪ, ಅವನಿಗೆ ನಗು ಬಂತು. "ಫಾರ್ಮಿನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ ಮಾಷೇ" ಅಂದ.

ಆ ನಾಲ್ಕನ್ನು ನಾನೇ ಕಿತ್ತು ತಂದೆ. ಬೇಯಿಸಿದರೆ ಲೋಹ ಹೋಗುವುದಿಲ್ಲ ಅಂತ ಹೆಂಡತಿಗೆ ಇನ್ನೂ ಹೇಳಿಲ್ಲ.