ಸಾಯಿಸದ, ವಾಸಿಯಾಗದ ರೋಗಕ್ಕೊಂದು ಅಭಿನಂದನೆ

ರೋಗಗಳಲ್ಲೂ ಸಂಭಾವಿತರಿದ್ದಾರೆ ಎನ್ನುವುದಾದರೆ ಮೊದಲ ಮರ್ಯಾದೆ ದನಗಳ ಜೋನ್ಸ್ ಕಾಯಿಲೆಗೆ ಸಲ್ಲಬೇಕು. 1895ರಲ್ಲಿ ಜರ್ಮನಿಯಲ್ಲಿ ಯೋನೆ ಮತ್ತು ಫ್ರಾಥಿಂಗ್‌ಹ್ಯಾಮ್ ಎಂಬ ಇಬ್ಬರು ಇದನ್ನು ಗುರುತಿಸಿದರು. ಅಂದಿನಿಂದ ಇಂದಿನವರೆಗೆ ಅದು ಯಾರ ಕೊಟ್ಟಿಗೆಯಲ್ಲೂ ಗಲಾಟೆ ಮಾಡಿದ್ದಿಲ್ಲ. ಸಗಣಿ ಮೆತ್ತಿದ ಕೆಚ್ಚಲಿನಿಂದಲೋ ಗಿಣ್ಣುಹಾಲಿನಿಂದಲೋ ಎಳೆಗರುವಿನ ಹೊಟ್ಟೆ ಸೇರಿ, ಎರಡರಿಂದ ಐದು ವರ್ಷ ಸದ್ದಿಲ್ಲದೆ ಕುಳಿತು, ಹಸು ಒಂದೆರಡು ಸೂಲು ಕಂಡು ಮನೆಗೆ ನಾಲ್ಕು ಕಾಸು ತರುವ ಹೊತ್ತಿಗೆ ಸರಿಯಾಗಿ ಭೇದಿ ಆರಂಭಿಸುತ್ತದೆ. ಜ್ವರವಿಲ್ಲ, ಮೇವು ಬಿಡುವುದಿಲ್ಲ. ತಿಂದದ್ದು ಮೈಗೆ ಹತ್ತುವುದಿಲ್ಲ, ಅಷ್ಟೆ. ಬೆನ್ನುಮೂಳೆ ಎದ್ದು ಕಂಡು, ದವಡೆಯ ಕೆಳಗೆ ನೀರುಬಾವು ಜೋತುಬಿದ್ದ ಮೇಲೂ ಹಸು ಬೂಸಾ ಬಕೆಟ್ಟಿಗೆ ಮೂತಿ ಹಾಕುತ್ತಲೇ ಇರುತ್ತದೆ. ಬೇಗ ಸಾಯಿಸದ, ಎಂದೂ ವಾಸಿಯಾಗದ ಇಂಥ ರೋಗವೊಂದು ದಾವಣಗೆರೆ, ಚಿತ್ರದುರ್ಗದ ಸೀಮೆಯಲ್ಲಿ ಎಷ್ಟು ಜನರ ಸಂಸಾರಕ್ಕೆ ಆಧಾರವಾಗಿದೆ ಎಂಬುದನ್ನು ಇದುವರೆಗೆ ಯಾರೂ ಕೃತಜ್ಞತೆಯಿಂದ ನೆನೆದಿಲ್ಲ.

ಮೊದಲ ಫಲಾನುಭವಿ ಪ್ರೋಬಯಾಟಿಕ್ ಪುಡಿಯ ವ್ಯಾಪಾರ. ಈ ಡಬ್ಬಗಳನ್ನು ಅಂಗಡಿಯ ಕಪಾಟಿನ ಅತ್ಯಂತ ಮೇಲಿನ ಸಾಲಿನಲ್ಲಿ, ಅಂದರೆ ತಗಡಿನ ಚಾವಣಿಗೆ ಕೈಗೆಟಕುವಷ್ಟು ಹತ್ತಿರದಲ್ಲಿ, ಜೋಡಿಸಿಡುವುದು ನಮ್ಮಲ್ಲಿ ವಾಡಿಕೆ. ಡಬ್ಬದ ಮೇಲೆ ಗ್ರಾಮೊಂದಕ್ಕೆ ಇಷ್ಟು ಕೋಟಿ ಜೀವಂತ ಜೀವಾಣುಗಳೆಂದು ದಪ್ಪಕ್ಷರದ ಒಕ್ಕಣೆಯಿರುತ್ತದೆ. ತಂಪಾದ ಒಣ ಜಾಗದಲ್ಲಿಡಬೇಕೆಂಬ ಸೂಚನೆ ಭೂತಗನ್ನಡಿ ಇದ್ದವರಿಗಾಗಿ ಕೆಳಗಿರುತ್ತದೆ. ಬದುಕಿದ್ದು, ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಒಳಿತು ಮಾಡುವ ಸೂಕ್ಷ್ಮಜೀವಿಗಳಿಗೆ ಮಾತ್ರ ಪ್ರೋಬಯಾಟಿಕ್ ಎಂಬ ಹೆಸರು ಸಲ್ಲುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ತೀರ್ಮಾನಿಸಿದರು. ಅವರು ಚಳ್ಳಕೆರೆಯ ಏಪ್ರಿಲ್ ಬಿಸಿಲನ್ನು ಕಂಡಿರಲಾರರು. ಬೀಜಕಣ ಕಟ್ಟಿಕೊಂಡು ಕೂರುವ ಬ್ಯಾಸಿಲಸ್ ಜಾತಿಯವು ಆ ಕಾವಿನಲ್ಲೂ ಉಳಿದಾವು. ಮೊಸರಿನ ಬಂಧುಗಳಾದ ಲ್ಯಾಕ್ಟೋಬ್ಯಾಸಿಲಸ್‌ಗಳ ಗತಿಯನ್ನು ಮಾತ್ರ ಹೇಳದಿರುವುದೇ ಲೇಸು. ಆದರೂ ಡಬ್ಬದ ಮೇಲಿನ ಲೆಕ್ಕದಲ್ಲಿ ಒಂದು ಸೊನ್ನೆಯೂ ಕಡಿಮೆಯಾಗುವುದಿಲ್ಲ. ತೀರಿಕೊಂಡವರ ಹೆಸರು ಮತದಾರರ ಪಟ್ಟಿಯಲ್ಲಿ ನೆಮ್ಮದಿಯಾಗಿರುವ ನಾಡಿನಲ್ಲಿ ಇದಕ್ಕೆ ಆಕ್ಷೇಪ ಎತ್ತುವವರು ಯಾರು?

ಬದುಕಿಯೇ ಒಳಹೋದರೂ ಅವುಗಳ ಓಡಾಟವೆಲ್ಲ ಕರುಳಿನ ಒಳದಾರಿಯಲ್ಲಿ. ಜೋನ್ಸ್ ಕಾಯಿಲೆಯ ರೋಗಾಣುವಾದರೋ ಸಣ್ಣಕರುಳಿನ ಕೊನೆಯ ಭಾಗದ ಗೋಡೆಯನ್ನು ಹೊಕ್ಕು, ತನ್ನನ್ನು ನುಂಗಿ ಅರಗಿಸಬೇಕಾದ ರಕ್ಷಣಾ ಕಣಗಳ ಹೊಟ್ಟೆಯಲ್ಲಿಯೇ ಹಾಯಾಗಿರುತ್ತದೆ. ಹಾಗೆಂದು ಪುಡಿಯನ್ನು ಪೂರಾ ಜರಿಯುವುದೂ ನ್ಯಾಯವಲ್ಲ. ಬೆಳೆದ ಕೋಳಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಆಗತಾನೇ ಮೊಟ್ಟೆಯೊಡೆದ ಮರಿಗಳಿಗೆ ಕೊಟ್ಟರೆ ಸಾಲ್ಮೊನೆಲ್ಲಾ ಎಂಬ ರೋಗಾಣು ನೆಲೆಯೂರುವುದನ್ನು ತಡೆಯಬಹುದೆಂದು ಫಿನ್ಲೆಂಡಿನ ನೂರ್ಮಿ ಮತ್ತು ರಂತಾಲ 1973ರಲ್ಲಿಯೇ ತೋರಿಸಿದ್ದರು. ಒಳ್ಳೆಯವು ಮೊದಲೇ ಹೋಗಿ ಜಾಗ ಹಿಡಿದವು ಎಂಬುದಷ್ಟೇ ಅದರ ಗುಟ್ಟು. ನಮ್ಮಲ್ಲಿ ಪುಡಿ ಕೊಡುವುದು ಹಸು ಬಡಕಲಾದ ನಾಲ್ಕನೆಯ ವರ್ಷದಲ್ಲಿ, ಅದೂ ಆಂಟಿಬಯಾಟಿಕ್ ಇಂಜೆಕ್ಷನ್ ನಡೆಯುತ್ತಿರುವಾಗ. ಒಂದು ಕೈಯಲ್ಲಿ ಜೀವಾಣುಗಳನ್ನು ಕೊಲ್ಲುವ ಸೂಜಿ, ಮತ್ತೊಂದು ಕೈಯಲ್ಲಿ ಜೀವಾಣುಗಳನ್ನು ಬಿಡುವ ಪುಡಿ. ಬಿಲ್ಲು ಮಾತ್ರ ಒಂದೇ.

ಎರಡನೆಯ ಫಲಾನುಭವಿ ಸಂತೆ. ಡಬ್ಬ ಬರಿದಾದರೂ ಭೇದಿ ನಿಲ್ಲದಿದ್ದಾಗ ಯಜಮಾನರು ಹಸುವಿನ ಮೈತೊಳೆದು, ತೊಡೆಯ ಹಿಂದೆ ಹೆಪ್ಪುಗಟ್ಟಿದ ಸಗಣಿಯನ್ನು ಕುಡುಗೋಲಿನ ಬೆನ್ನಿನಿಂದ ಕೆರೆದು, ಕೊಂಬಿಗೆ ಎಣ್ಣೆ ಹಚ್ಚಿ ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ.

“ಮೇವು ತಿಂತೈತೇನಣ್ಣ?”

“ಹಾಕಿದ್ದೆಲ್ಲಾ ತಿಂತೈತಪ್ಪ, ಒಂದು ಕಡ್ಡಿ ಬಿಡಲ್ಲ.”

ಈ ಉತ್ತರದಲ್ಲಿ ಒಂದಕ್ಷರ ಸುಳ್ಳಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರುತ್ತದೆ, ದಲ್ಲಾಳಿಗೆ ಅವನ ಪಾಲು ಸಲ್ಲುತ್ತದೆ, ಹೊಸ ಯಜಮಾನರು ತಿಂಗಳೊಪ್ಪತ್ತಿನಲ್ಲಿ ಅದೇ ಡಬ್ಬ ಕೇಳಿಕೊಂಡು ಅದೇ ಅಂಗಡಿಗೆ ಬರುತ್ತಾರೆ. ಇತ್ತ ಹಳೆಯ ಕೊಟ್ಟಿಗೆಯ ಸಗಣಿಯಲ್ಲಿ ಉಳಿದ ರೋಗಾಣು, ನೆರಳೂ ತೇವವೂ ಇದ್ದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ, ಜೀವ ಹಿಡಿದುಕೊಂಡು ಮುಂದಿನ ಕರುವಿನ ದಾರಿ ಕಾಯುತ್ತದೆ. ಕಾಸು ಕೊಟ್ಟು ತಂದ ಡಬ್ಬದ ಜೀವಾಣುಗಳು ಒಂದು ಬೇಸಿಗೆ ತಾಳಲಿಲ್ಲ. ಪುಕ್ಕಟೆ ಬಂದದ್ದು ತಾಳಿತು.

ಲಸಿಕೆ ಹಾಕಿಸಬಾರದೇ ಎಂದು ಕೇಳುವ ಅಮಾಯಕರಿದ್ದಾರೆ. ನಮ್ಮ ಲಸಿಕೆಗಳು ರೋಗದ ದಿನಚರಿಯನ್ನಲ್ಲ, ಗಣ್ಯರ ದಿನಚರಿಯನ್ನು ಅನುಸರಿಸುತ್ತವೆ ಎಂಬುದು ಅವರಿಗೆ ತಿಳಿಯದು. ಕುರಿಗಳ ಕರುಳುಬೇನೆಯನ್ನೇ ನೋಡಿ. ಮುಂಗಾರಿನ ಎಳೆಹುಲ್ಲನ್ನೋ ಮೆಕ್ಕೆಜೋಳದ ರಾಶಿಯನ್ನೋ ಒಮ್ಮೆಲೇ ಮುಕ್ಕಿದ ಕುರಿಯ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಜೀವಾಣು ಉಕ್ಕಿ ವಿಷ ಬಿಡುತ್ತದೆ. ಸಂಜೆ ಚೆನ್ನಾಗಿ ಮೇಯ್ದ ಕುರಿ ಬೆಳಿಗ್ಗೆ ರೊಪ್ಪದಲ್ಲಿ ಕಾಲು ಚಾಚಿರುತ್ತದೆ. ಇದಕ್ಕೆ ಬೆಂಗಳೂರಿನ ಹೆಬ್ಬಾಳದಲ್ಲಿಯೇ ಲಸಿಕೆ ತಯಾರಾಗುತ್ತದೆ. ಮಳೆಗೆ ಮುಂಚೆ ಹಾಕಬೇಕು, ಮೊದಲ ಸಲವಾದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಹಾಕಬೇಕು, ಅಲ್ಲಿಯವರೆಗೆ 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಷರತ್ತು ಇಷ್ಟೇ. ಆದರೆ ಶಾಮಿಯಾನ ಹಾಕದೆ, ದೀಪ ಬೆಳಗದೆ ಸಿರಿಂಜು ಎತ್ತುವುದು ಶಿಷ್ಟಾಚಾರಕ್ಕೆ ವಿರುದ್ಧ. ಹೀಗಾಗಿ ಮಳೆ ಬರುತ್ತದೆ, ಹುಲ್ಲು ಬರುತ್ತದೆ, ಬೇನೆ ಬರುತ್ತದೆ, ಕೊನೆಗೆ ಉದ್ಘಾಟಕರು ಬರುತ್ತಾರೆ. ಕ್ಯಾಮೆರಾಗೆ ಕಾಣಲೆಂದು ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು, ಸ್ವಾಗತ ಭಾಷಣ ಮುಗಿಯುವವರೆಗೆ ಸೀಸೆಗಳಿಗೂ ಬಿಸಿಲು ಕಾಯಿಸಲಾಗುತ್ತದೆ. ವೇದಿಕೆಗೆ ತಂದ ಟಗರು ತನಗೆ ಹಾಕಿದ ಚೆಂಡುಹೂವಿನ ಹಾರವನ್ನು ತಾನೇ ತಿಂದು ಮುಗಿಸುತ್ತದೆ. ಇಡೀ ಸಭೆಯಲ್ಲಿ ಹೊಟ್ಟೆಗೆ ಹಿತವಾದ ಕೆಲಸ ಮಾಡಿದ್ದು ಬಹುಶಃ ಅದೊಂದೇ. ಹಿಂಡುಗಳಾದರೋ ಅಷ್ಟರಲ್ಲಿ ಭದ್ರಾ ನಾಲೆಯ ಕಡೆ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ತರುಬಲು ಹೋಗಿರುತ್ತವೆ. 1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆ ಜಿಲ್ಲೆಯಾದದ್ದನ್ನು ಕುರಿಗಳಿಗೆ ಯಾರೂ ಹೇಳದ ಕಾರಣ, ಅವು ಅಲ್ಲಿದ್ದಾಗ ಇಲ್ಲಿನವು, ಇಲ್ಲಿದ್ದಾಗ ಅಲ್ಲಿನವು ಎಂದು ಎರಡೂ ಕಡೆಯ ಕಡತಗಳಲ್ಲಿ ದಾಖಲಾಗುತ್ತವೆ. ವರದಿಯಲ್ಲಿ ಪ್ರಗತಿ ಮಾತ್ರ ನೂರಕ್ಕೆ ನೂರು, ಏಕೆಂದರೆ ಎಣಿಸುವುದು ಸೀಸೆಗಳನ್ನು.

ರಾತ್ರಿ ಕೊಂದು ಬೆಳಿಗ್ಗೆಯೊಳಗೆ ಸುದ್ದಿಯಾಗುವ ರೋಗದ ಪಾಡೇ ಇದಾದರೆ, ನಾಲ್ಕು ವರ್ಷ ಸುಮ್ಮನಿರುವ ಜೋನ್ಸ್ ಕಾಯಿಲೆಯನ್ನು ಕೇಳುವವರು ಯಾರು? ಮಥುರಾ ಬಳಿಯ ಮಖ್ದೂಮ್‌ನಲ್ಲಿರುವ ಕೇಂದ್ರೀಯ ಆಡು ಸಂಶೋಧನಾ ಸಂಸ್ಥೆ ದೇಶೀಯ ತಳಿಯ ರೋಗಾಣುವಿನಿಂದಲೇ ಇದಕ್ಕೆ ಲಸಿಕೆ ರೂಪಿಸಿದೆ. ಇಂಥ ಲಸಿಕೆ ರೋಗದ ಉಪಟಳವನ್ನೂ ಸಗಣಿಯಲ್ಲಿ ರೋಗಾಣು ಹೊರಬೀಳುವುದನ್ನೂ ತಗ್ಗಿಸುತ್ತದೆ, ಸೋಂಕನ್ನು ಪೂರ್ತಿ ತಡೆಯುವುದಿಲ್ಲ. ಮೇಲಾಗಿ ಲಸಿಕೆ ಪಡೆದ ದನ ಕ್ಷಯದ ಚರ್ಮಪರೀಕ್ಷೆಯಲ್ಲಿ ಗೊಂದಲ ಹುಟ್ಟಿಸಬಹುದು. ಆದ್ದರಿಂದ ಉಳಿದ ದಾರಿಗಳೆಲ್ಲ ತೀರಾ ನೀರಸ: ಪರೀಕ್ಷೆ ಮಾಡಿಸಿ ರೋಗದ ಹಸುವನ್ನು ಬೇರೆ ಕಟ್ಟಬೇಕು, ಕರು ಹಾಕುವ ಜಾಗವನ್ನು ಶುಚಿಯಾಗಿಡಬೇಕು, ರೋಗವಿಲ್ಲದ ತಾಯಿಯ ಗಿಣ್ಣುಹಾಲು ಕುಡಿಸಬೇಕು, ದೊಡ್ಡ ದನಗಳ ಸಗಣಿ ಕರುವಿನ ಬಾಯಿಗೆ ಸಿಗದಂತೆ ನೋಡಿಕೊಳ್ಳಬೇಕು. ಇವುಗಳಲ್ಲಿ ಒಂದಕ್ಕೂ ರಿಬ್ಬನ್ ಕಟ್ಟಲು ಬರುವುದಿಲ್ಲ. ವಿಮೆಯವರಿಗಂತೂ ಹಸು ಸತ್ತು, ಕಿವಿಯ ಗುರುತಿನ ಓಲೆ ಮೇಜಿನ ಮೇಲೆ ಬರಬೇಕು; ಸಾಯುವ ಮನಸ್ಸಿಲ್ಲದ ಹಸುವಿಗೆ ಅವರಾದರೂ ಏನು ಮಾಡಿಯಾರು?

ಸಭೆಯೊಂದರಲ್ಲಿ ಯುವ ಪಶುವೈದ್ಯರೊಬ್ಬರು, ಹಳ್ಳಿಗೆ ಹತ್ತು ಮನೆಯಲ್ಲಾದರೂ ಕರುಗಳಿಂದ ದೂರಕ್ಕೆ ತಿಪ್ಪೆಗುಂಡಿ ತೋಡಿಸೋಣ ಎಂದು ಸಲಹೆ ಇಟ್ಟರಂತೆ. ಹಿರಿಯ ಅಧಿಕಾರಿಗಳು ಕಡತ ತಿರುವಿ, “ನೋಡಪ್ಪಾ, ಗುಂಡಿಗೆ ಅನುದಾನ ಇಲ್ಲ, ಗುಂಡಿಯ ನಾಮಫಲಕಕ್ಕೆ ಇದೆ” ಎಂದರಂತೆ. ಫಲಕಕ್ಕೆ ಟೆಂಡರ್ ಕರೆಯಲಾಗಿದೆ.